ಐದನೇ ತಟ್ಟೆ

ನಮ್ಮ ಊರಿನಲ್ಲಿ ಯಾರೂ ಮನೆಯೊಳಗೆ ಕೂತು ಯಾರಿಗೂ ಏನನ್ನೂ ಕಲಿಸುವುದಿಲ್ಲ. ತಾಯಿ ಮಗಳಿಗೆ ಹುಳಿಪುಡಿ ಹುರಿಯುವ ಹದ ತೋರಿಸಬೇಕಾದರೆ ಒಲೆಯನ್ನೇ ಹಿತ್ತಲಿಗೆ ಹೊತ್ತು ತರುತ್ತಾಳೆ. ಕ್ಷೌರದ ಸಿದ್ದಣ್ಣ ಮಗನಿಗೆ ಕತ್ತಿ ಹಿಡಿಯುವುದನ್ನು ಕಲಿಸಿದ್ದು ಬೀದಿಯ ನಡುವೆ, ಗಿರಾಕಿಯನ್ನು ಬಿಸಿಲಿನಲ್ಲಿ ಕೂರಿಸಿಕೊಂಡು. ಹೊರಗೆ ಕಲಿತರೆ ಅವರವರು ಕಲಿತದ್ದು ಅವರವರಿಗೆ. ನಾಲ್ಕು ಗೋಡೆಯೊಳಗೆ ಕಲಿತರೆ ಹಾಗಲ್ಲ. ಅಲ್ಲಿ ಕೂತವರಲ್ಲಿ ಎಲ್ಲರಿಗಿಂತ ಕಡಿಮೆ ಯಾರಿಗೆ ತಿಳಿಯಿತೋ, ಮರುದಿನ ಬೆಳಗ್ಗೆ ಎಲ್ಲರ ತಲೆಯಲ್ಲೂ ಅಷ್ಟೇ ಉಳಿಯುತ್ತದೆ. ಬಾಕಿ ಹೋಗುತ್ತದೆ. ಇದಕ್ಕೆ ನಮ್ಮ ಕಡೆ ಸಮ ಆಗೋದು ಅನ್ನುತ್ತಾರೆ. ಮಳೆ ಯಾಕೆ ಬರುತ್ತದೆ ಎಂದು ಹೇಗೆ ಯಾರೂ ಕೇಳುವುದಿಲ್ಲವೋ ಹಾಗೆ ಇದನ್ನೂ ಯಾರೂ ಕೇಳುವುದಿಲ್ಲ.

ಅಂಥ ಊರಿನಲ್ಲಿ ನಾನು ಇಪ್ಪತ್ತಾರು ವರ್ಷ ಮೇಷ್ಟ್ರಾಗಿದ್ದೆ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ನಗುವಂಥದ್ದು ಹೆಚ್ಚೇನಿಲ್ಲ. ಹಿಂದೆ ಶಾಲೆ ಕಡಲ ದಿಬ್ಬದ ಮೇಲೆ ಹೊಂಗೆ ಮರದ ಕೆಳಗೆ ನಡೆಯುತ್ತಿತ್ತಂತೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಮೇಲಿನ ಕಚೇರಿಯವರು ಕಟ್ಟಡ ಕೊಟ್ಟಿದ್ದರು. ಕಟ್ಟಡದ ಬೆನ್ನಿಗೇ ಒಂದು ಸುತ್ತೋಲೆಯೂ ಬಂದಿತ್ತು: ನಾಲ್ಕು ಗೋಡೆ ಮತ್ತು ಮಾಡು ಇಲ್ಲದ್ದನ್ನು ಶಾಲೆಯೆಂದು ಪರಿಗಣಿಸತಕ್ಕದ್ದಲ್ಲ. ಊರಿನ ಹಿರಿಯರು ಹೋಗಿ, ಸ್ವಾಮಿ, ನಮ್ಮ ಕಡೆ ಹೀಗೆ ಹೀಗೆ ಎಂದು ತಿಳಿಸಿ ಹೇಳಿದರು. ಅರ್ಜಿ ಕೊಡಿ ಅಂದರು. ಕೊಟ್ಟರು. ಅದು ಇವತ್ತಿಗೂ ಪರಿಶೀಲನೆಯಲ್ಲಿದೆ.

ನಮ್ಮಲ್ಲಿ ಮನೆಮಾತು ಕನ್ನಡ, ಶಾಲೆಯ ಮಾತು ಇಂಡೊನೇಷ್ಯಾದ ಭಾಷೆ. ಹಗ್ಗ ಕೊಳ್ಳಲು ಬರುವ ಹಡಗಿನವರು ಆಡುವ ಮಾತು ಅದು. ಅದು ಬಂದವರಿಗೆ ಹಡಗುಕಟ್ಟೆಯಲ್ಲಿ ನೆರಳಿನ ಕೆಲಸ, ಬಾರದವರಿಗೆ ಹಿನ್ನೀರಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ತೆಂಗಿನ ಸಿಪ್ಪೆ ಬಡಿಯುವ ಕೆಲಸ. ಊರಿನಲ್ಲಿ ಮೂರನೆಯ ಕೆಲಸ ಇಲ್ಲ. ಹಾಗಾಗಿ ಪ್ರತಿ ತಾಯಿತಂದೆಗೂ ತಮ್ಮ ಮಗು ಆ ಭಾಷೆ ಕಲಿಯಬೇಕು ಎನ್ನುವ ಆಸೆ, ಕಲಿಯುತ್ತದೋ ಇಲ್ಲವೋ ಎನ್ನುವ ಭಯ.

ನನಗೆ ಆ ಭಾಷೆ ಬರುತ್ತಿತ್ತೇ ಎಂದು ಕೇಳಬಹುದು. ಓದಲು ಬರುತ್ತಿತ್ತು. ಗಂಟಲು ಚೆನ್ನಾಗಿತ್ತು, ಉಚ್ಚಾರ ಸ್ಪಷ್ಟವಾಗಿತ್ತು. ಗುರುವಿಗೆ ಅವರೂ ಗುರು ಅನ್ನುತ್ತಾರೆ, ಭಾಷೆಗೆ ಬಹಾಸ, ರೊಟ್ಟಿಗೆ ರೋತಿ. ಇಂಥ ನಾಲ್ಕು ನಂಟಸ್ತಿಕೆ ಕಂಡು ಅರ್ಧ ಭಾಷೆ ಗೊತ್ತಾಯಿತು ಎಂದು ಬೀಗಿದವನು ನಾನು. ಮಿಕ್ಕದ್ದಕ್ಕೆ ಕೈಪಿಡಿ ಇತ್ತು. ಎಡಪುಟದಲ್ಲಿ ಪಾಠ, ಬಲಪುಟದಲ್ಲಿ ಪ್ರಶ್ನೆ, ಅದರ ಕೆಳಗೆ ಉತ್ತರ. ಹಡಗುಕಟ್ಟೆಯ ಕಡೆ ಮಾತ್ರ ನಾನು ಹೆಜ್ಜೆ ಇಡುತ್ತಿರಲಿಲ್ಲ. ಅಲ್ಲಿಂದ ಸಾಮಾನು ಬೇಕಾದರೆ ಹೆಂಡತಿಯನ್ನು ಕಳಿಸುತ್ತಿದ್ದೆ. ಹಡಗಿನವನೊಬ್ಬ ಎದುರು ಸಿಕ್ಕಿ ಮಾತಾಡಿಸಿದರೆ ಏನು ಗತಿ?

ಪಾಠ ಮುಗಿದ ಮೇಲೆ ಮೇಷ್ಟ್ರು ಕೇಳಲೇಬೇಕಾದ ಒಂದು ಮಾತನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು. "ಸುದಾ ಮೆಂಗೆರ್ತಿ?" ಅಂದರೆ, ಅರ್ಥವಾಯಿತೇ? ಮಕ್ಕಳು ಒಟ್ಟಿಗೆ, "ಸುದಾ, ಪಾಕ್" ಅನ್ನಬೇಕು. ಆಯಿತು ಸಾರ್ ಎಂದು ಅದರ ಅರ್ಥ. ಆಗದೇ ಇದ್ದವರು ಹೇಳಬೇಕಾದ ಮಾತೂ ಇತ್ತು. "ಬೆಲುಮ್." ಇನ್ನೂ ಇಲ್ಲ. ಆ ಭಾಷೆಯಲ್ಲಿ ಇದೊಂದು ಒಳ್ಳೆಯ ಮಾತು. ಇಲ್ಲ ಎಂದು ಬಾಗಿಲು ಹಾಕುವುದಿಲ್ಲ, ಇನ್ನೂ ಇಲ್ಲ ಎಂದು ಅರ್ಧ ತೆರೆದಿಡುತ್ತದೆ. ಆದರೆ ನಮ್ಮ ಊರಿನಲ್ಲಿ ಆ ಮಾತನ್ನು ಹೇಳಲು ಎದೆ ಬೇಕಿತ್ತು. ಬೆಲುಮ್ ಅಂದವರೇ ಆ ವರ್ಷದ ಕೊನೆಯ ಮಗು.

ಕೊನೆಯ ಮಗು ಅಂದರೆ ಮೊದಲು ಬೈಗುಳವಾಗಿರಲಿಲ್ಲ. ಅದನ್ನು ಇಡೀ ಊರು ಸಾಕುತ್ತಿತ್ತು. ಆ ಮಗುವಿಗೆ ತಿಳಿದರೆ ತಾನೇ ಎಲ್ಲರ ಮಕ್ಕಳಿಗೂ ತಿಳಿಯುವುದು? ಒಬ್ಬಳು ತಲೆಗೆ ಎಣ್ಣೆ ಒತ್ತುವಳು, ಇನ್ನೊಬ್ಬಳು ಬುದ್ಧಿ ಚುರುಕಾಗಲೆಂದು ಒಂದೆಲಗದ ಚಟ್ನಿ ತಂದು ತಿನ್ನಿಸುವಳು, ಸಂಜೆ ದಡದ ಮೇಲೆ ದೊಡ್ಡ ಮಕ್ಕಳು ಕೂರಿಸಿಕೊಂಡು ಪಾಠ ಹೇಳುವರು. ಒಂದು ವರ್ಷ ಕಿವಿ ಕೇಳದ ಹುಡುಗನೊಬ್ಬ ಇದ್ದ. ಅವನಿಗಾಗಿ ತರಗತಿಯ ಮಕ್ಕಳೆಲ್ಲ ಕೈಸನ್ನೆ ಕಲಿತರು. ಅವನೂ ಆರನೇ ಪಾಠದವರೆಗೆ ಬಂದ. ಆರರ ಆಚೆಗೆ ಯಾವ ವರ್ಷದ ಮಕ್ಕಳೂ ದಾಟಿದ್ದಿಲ್ಲ. ಮಕ್ಕಳು ಬದಲಾದರು, ಕೊನೆಯ ಮಗು ಬದಲಾಯಿತು, ಆರನೇ ಪಾಠದ ಗೆರೆ ಮಾತ್ರ ಇದ್ದಲ್ಲೇ ಇತ್ತು. ಅದೇಕೆ ಎಂದು ಯಾರಿಗೂ ಹೊಳೆಯಲಿಲ್ಲ, ನನಗಂತೂ ಇಲ್ಲ. ಆರು ಪಾಠ ಬಂದರೆ ಹಡಗುಕಟ್ಟೆಯಲ್ಲಿ ಮೂಟೆ ಎಣಿಸುವ ಕೆಲಸವಾದರೂ ಸಿಗುತ್ತಿತ್ತು, ಊರಿಗೆ ಅಷ್ಟು ಸಾಕಾಗಿತ್ತು.

ಹೀಗಿರುವಾಗ ಕಲಿಕೆ ಸುಧಾರಣೆಯ ಆದೇಶ ಬಂತು. ಬೇಸಿಗೆ ರಜೆಗೆ ಮುಂಚೆ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆ, ಅಷ್ಟರೊಳಗೆ ಏಳನೇ ತರಗತಿಯ ಎಲ್ಲ ಮಕ್ಕಳಿಗೂ ಹತ್ತು ಪಾಠ ಬಂದಿರಬೇಕು, ಬಾರದಿದ್ದರೆ ಶಾಲೆ ಮುಚ್ಚಿ ಮೇಷ್ಟ್ರುಗಳನ್ನು ಉಪ್ಪಿನ ದ್ವೀಪಕ್ಕೆ ವರ್ಗ ಮಾಡಲಾಗುವುದು. ಮಕ್ಕಳಲ್ಲಿ ಉತ್ಸಾಹ ಸಾಲದು ಎಂದು ಕಚೇರಿಯವರು ಕಂಡುಹಿಡಿದಿದ್ದರು. ಉತ್ಸಾಹ ಹೆಚ್ಚಿಸಲು ಬಣ್ಣದ ಕಾಗದದ ನಕ್ಷತ್ರಗಳನ್ನು ಕಳಿಸಿದ್ದರು. ನಮಗೂ ಎರಡು ದಿನದ ತರಬೇತಿ ಆಯಿತು, ಕಿಟಕಿ ಮುಚ್ಚಿದ ಒಂದು ದೊಡ್ಡ ಕೋಣೆಯಲ್ಲಿ. ಮರುದಿನ ಬೆಳಗ್ಗೆ ಏನೂ ನೆನಪಿರಲಿಲ್ಲ, ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು ಎನ್ನುವುದೊಂದು ಬಿಟ್ಟು. ತರಬೇತಿ ಕೊಡಲು ಬಂದವರೂ ತಮ್ಮ ಕಾಗದಗಳನ್ನು ತಿರುವಿ ತಿರುವಿ ನೋಡುತ್ತಿದ್ದರು. ನಾವೆಲ್ಲ ನಕ್ಕೆವು. ಆ ಕೋಣೆಯಲ್ಲಿ ತೀರಾ ಕಡಿಮೆ ತಿಳಿದವರು ಯಾರಿದ್ದರೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಮಾಷೆ ಮಾಡಿದೆವು.

ಆದೇಶದ ಕೊನೆಯಲ್ಲಿ ಒಂದು ಸಾಲು ಇತ್ತು. ತರಗತಿಯ ಪ್ರಗತಿಗೆ ಅಡ್ಡಿಯಾಗುವ ಮಕ್ಕಳ ಹೆಸರನ್ನು ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕದಿಂದ ಹೊಡೆದು ಹಾಕಬಹುದು. ಕೆಂಪು ಮಸಿಯಲ್ಲಿ ಹೊಡೆದ ಹೆಸರನ್ನು ಮತ್ತೆ ಬರೆಯತಕ್ಕದ್ದಲ್ಲ.

ಆ ವರ್ಷ ಏಳನೇ ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳು. ಏಳನೇ ಪಾಠದಲ್ಲಿ ಒಂದು ಚಿಕ್ಕ ಕಥೆ. ಒಬ್ಬಳು ಅಜ್ಜಿ ಅನ್ನ ಮಾಡುತ್ತಾಳೆ. ಮನೆಯಲ್ಲಿ ನಾಲ್ಕು ಜನ. ಅವಳು ಐದು ತಟ್ಟೆ ಇಡುತ್ತಾಳೆ. ಆಮೇಲೆ ಕೊನೆಯದೊಂದು ವಾಕ್ಯ, ಅಲ್ಲಿಗೆ ಕಥೆ ಮುಗಿಯಿತು. ಕೈಪಿಡಿಯಲ್ಲಿ ಮೂರು ಪ್ರಶ್ನೆ: ಅಜ್ಜಿ ಏನು ಮಾಡಿದಳು, ಮನೆಯಲ್ಲಿ ಎಷ್ಟು ಜನ, ತಟ್ಟೆ ಎಷ್ಟು. ಕೊನೆಯ ವಾಕ್ಯದ ಬಗ್ಗೆ ಪ್ರಶ್ನೆ ಇರಲಿಲ್ಲ, ಆದ್ದರಿಂದ ಉತ್ತರವೂ ಇರಲಿಲ್ಲ. ನಾನು ಅದನ್ನು ಇಪ್ಪತ್ತು ವರ್ಷದಿಂದ ಗಟ್ಟಿ ದನಿಯಲ್ಲಿ ಓದಿ ಪುಸ್ತಕ ಮುಚ್ಚುತ್ತಿದ್ದೆ.

"ಸುದಾ ಮೆಂಗೆರ್ತಿ?" ಎಂದು ಕೇಳಿದೆ. ಹದಿನೆಂಟು ದನಿಗಳು "ಸುದಾ, ಪಾಕ್" ಅಂದವು. ಕಿಟಕಿಯ ಪಕ್ಕದಿಂದ ಒಂದು ದನಿ, "ಬೆಲುಮ್" ಅಂದಿತು. ಹೊನ್ನಿ. ಹಿನ್ನೀರಿನ ಬದಿಯ ಗುಡಿಸಲುಗಳಿಂದ ಬರುವ ಹುಡುಗಿ. ತಾಯಿ ಬೀರಮ್ಮ ಸಿಪ್ಪೆ ಬಡಿಯುವವಳು, ತಂದೆ ಎರಡು ವರ್ಷದ ಹಿಂದೆ ದೋಣಿ ಮಗುಚಿ ಹೋದವನು.

"ಏನು ತಿಳೀಲಿಲ್ಲ?" ಎಂದು ಕೇಳಿದೆ.

"ಐದನೇ ತಟ್ಟೆ ಯಾರಿಗೆ ಮೇಷ್ಟ್ರೆ?"

"ಅದು ಪರೀಕ್ಷೆಗೆ ಬರಲ್ಲ. ಕೂತ್ಕೋ."

ಅವಳು ಕೂತಳು. ಮರುದಿನ ಬೆಳಗ್ಗೆ ಏಳನೇ ಪಾಠ ಯಾರಿಗೂ ನೆನಪಿರಲಿಲ್ಲ. ಮತ್ತೆ ಮಾಡಿದೆ, ಮತ್ತೆ ಕೇಳಿದೆ. ಹದಿನೆಂಟು ಸುದಾ, ಒಂದು ಬೆಲುಮ್. ಐದನೇ ತಟ್ಟೆ ಯಾರಿಗೆ ಮೇಷ್ಟ್ರೆ? ಹೀಗೇ ಎರಡು ವಾರ ಕಳೆಯಿತು. ಮೊದಲಿಗೆ ಊರು ತನ್ನ ಹಳೆಯ ರೂಢಿಯಂತೆ ನಡೆದುಕೊಂಡಿತು. ಬೀರಮ್ಮನ ಗುಡಿಸಲಿನ ಮುಂದೆ ಒಂದೆಲಗದ ಕಟ್ಟುಗಳು ಬಂದು ಬಿದ್ದವು. ನಕ್ಷತ್ರಗಳಲ್ಲಿ ಮೂರು ಹೊನ್ನಿಯ ಅಂಗಿಗೇ ಅಂಟಿಸಿದೆ. ಆಮೇಲೆ ಬೇಸಿಗೆ ಹತ್ತಿರ ಬಂದ ಹಾಗೆ ಕಟ್ಟುಗಳು ನಿಂತುಹೋದವು. ನೀರು ಸೇದುವ ಕಡೆ ಬೀರಮ್ಮ ಬಂದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಹೊರಡಲು ಶುರು ಮಾಡಿದರು.

ಕೊನೆಗೆ ಹಡಗುಕಟ್ಟೆಯ ಗುಮಾಸ್ತ ಸೋಮಯ್ಯನವರು ನಾಲ್ಕು ಜನರನ್ನು ಕಟ್ಟಿಕೊಂಡು ಶಾಲೆಗೆ ಬಂದರು. ಅವರ ಮಗ ಪ್ರಭಂಜನ ತರಗತಿಯಲ್ಲಿ ಮೊದಲಿಗ. "ಒಬ್ಬಳಿಗೋಸ್ಕರ ಹದಿನೆಂಟು ಮಕ್ಕಳು ಕೆಸರಲ್ಲಿ ನಿಲ್ಲಬೇಕಾ ಮೇಷ್ಟ್ರೆ?" ಅಂದರು. ನಾನು ಹೆಡ್‌ಮಾಷ್ಟ್ರ ಮುಖ ನೋಡಿದೆ. ಹೆಡ್‌ಮಾಷ್ಟ್ರು ಅನಂತಪ್ಪನವರು ಕೆಟ್ಟವರಲ್ಲ, ಪಿಂಚಣಿಗೆ ಎರಡು ವರ್ಷ ಬಾಕಿ ಇತ್ತು. "ಹಗ್ಗ ಹರಿಯೋದು ಸವೆದ ಕಡೇನೇ ಅಲ್ವೇನ್ರೀ," ಎಂದರು ನನಗೆ. "ಆ ಸವೆದಿರೋದನ್ನ ತೆಗೆದುಬಿಡಿ, ಮಿಕ್ಕಿದ್ದು ಗಟ್ಟಿ ನಿಲ್ಲುತ್ತೆ."

ಬೀರಮ್ಮನನ್ನು ಕರೆಸಿದರು. ಅವಳು ಬಾಗಿಲ ಆಚೆಯೇ ನಿಂತಳು, ಕಾಲಿನ ಕೆಸರು ಒಳಗೆ ತರುವುದು ಬೇಡವೆಂದು. ವಿಷಯ ಕೇಳಿ ಅವಳು ಅಳಲೂ ಇಲ್ಲ, ಜಗಳವನ್ನೂ ಆಡಲಿಲ್ಲ. "ಅವಳು ದಡ್ಡಿ ಅಲ್ಲ ಸ್ವಾಮಿ. ಗೊತ್ತಾಗದೆ ಗೊತ್ತಾಯ್ತು ಅನ್ನಬೇಡ ಅಂತ ಅವಳಪ್ಪ ಹೇಳಿಕೊಟ್ಟಿದ್ದ. ಬೇಕಾದ್ರೆ ನಾಳೆಯಿಂದ ಗೊತ್ತಾಯ್ತು ಅನ್ನಿಸ್ತೀನಿ. ಹೆಸರು ಹೊಡೀಬೇಡಿ," ಅಂದಳು.

ಸೋಮಯ್ಯನವರು, "ಬಾಯಲ್ಲಿ ಅಂದ್ರೆ ಆಯ್ತೇನಮ್ಮ? ಸಮ ಆಗೋದು ಬಾಯಿ ನೋಡಿ ಅಲ್ಲ," ಅಂದರು. ಆ ದಿನ ಆ ಕೋಣೆಯಲ್ಲಿ ಯಾರಾದರೂ ಆಡಿದ ನಿಜವಾದ ಮಾತು ಅದೊಂದೇ. ನಾನು ಹಾಜರಿ ಪುಸ್ತಕ ತೆರೆದು ಹೊನ್ನಿಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಗೆರೆ ಸೊಟ್ಟಗೆ ಬಂತು. ಅಡಿಪಟ್ಟಿ ಇಟ್ಟು ಇನ್ನೊಮ್ಮೆ ನೆಟ್ಟಗೆ ಎಳೆದೆ.

ಅವತ್ತು ಮಧ್ಯಾಹ್ನ ಏಳನೇ ಪಾಠ ಮಾಡಿದೆ. ಹದಿನೆಂಟಕ್ಕೆ ಹದಿನೆಂಟೂ ಸುದಾ ಅಂದವು. ಹೆಡ್‌ಮಾಷ್ಟ್ರು ಬಾಗಿಲಲ್ಲಿ ನಿಂತು ತಲೆಯಾಡಿಸಿದರು. ಮರುದಿನ ಬೆಳಗ್ಗೆ ಒಂದು ಅಕ್ಷರವೂ ಯಾರ ತಲೆಯಲ್ಲೂ ಉಳಿದಿರಲಿಲ್ಲ.

ಹಾಗಾದರೆ ಇನ್ನೊಬ್ಬ ಯಾರೋ ಸುಳ್ಳು ಹೇಳುತ್ತಿದ್ದಾನೆ ಎಂದು ಊರು ನಿಶ್ಚಯಿಸಿತು. ಯಾರು? ತೊದಲುವ ಈರಪ್ಪ ಇರಬಹುದು. ಅವನ ಹೆಸರು ಹೋಯಿತು. ಆದರೂ ತಲೆಯಲ್ಲಿ ಪಾಠ ನಿಲ್ಲಲಿಲ್ಲ. ಉಪ್ಪಿನಗದ್ದೆಯ ಅಕ್ಕತಂಗಿಯರು ಇರಬಹುದು, ಒಬ್ಬಳಿಗೆ ತಿಳಿಯದಿದ್ದರೆ ಇನ್ನೊಬ್ಬಳು ಮುಚ್ಚಿಡುತ್ತಾಳೆ. ಎರಡು ಗೆರೆ. ಪಾಠ ನಿಲ್ಲಲಿಲ್ಲ. ಅಲ್ಲಿಂದ ಮುಂದೆ ಮಕ್ಕಳು ಒಬ್ಬರ ಮೇಲೆ ಒಬ್ಬರು ಚಾಡಿ ಹೇಳಲು ಕಲಿತರು. ಇವನು ಕಿಟಕಿಯ ಆಚೆ ನೋಡುತ್ತಿದ್ದ ಸಾರ್, ಅವಳು ಸುದಾ ಅನ್ನುವಾಗ ತಡೆದಳು ಸಾರ್. ಇಪ್ಪತ್ತು ವರ್ಷದಲ್ಲಿ ನಾನು ಹುಟ್ಟಿಸಲಾಗದ ಉತ್ಸಾಹ ಆಗ ಕಂಡೆ. ಸುದಾ ಎನ್ನುವ ಮಾತು ಸೂರು ಹಾರಿಹೋಗುವಷ್ಟು ಜೋರಾಗಿ ಬರುತ್ತಿತ್ತು. ತಾಯಂದಿರು ಮಕ್ಕಳನ್ನು ಶಾಲೆಗೆ ಕಳಿಸುವಾಗ ಕೈಮುಗಿದು ಕಳಿಸುತ್ತಿದ್ದರು. ಮಾರ್ಚಿನ ಹೊತ್ತಿಗೆ ಹನ್ನೊಂದು ಹೆಸರು ಹೊಡೆದಿದ್ದೆ. ಎಂಟು ಮಕ್ಕಳು ಉಳಿದಿದ್ದವು. ಏಳನೇ ಪಾಠ ಹಾಗೇ ಇತ್ತು.

ಆಗ ನನಗೆ ಜ್ವರ ಬಂತು. ನಾಲ್ಕು ದಿನ ಏಳಲಾಗಲಿಲ್ಲ. ನನ್ನ ಬದಲಿಗೆ ಬರುವವರು ಯಾರೂ ಇರಲಿಲ್ಲ, ಮಕ್ಕಳು ತಾವೇ ಕೂತು ಓದಿಕೊಳ್ಳಲಿ ಎಂದು ಹೆಡ್‌ಮಾಷ್ಟ್ರು ಬಿಟ್ಟಿದ್ದರಂತೆ. ಐದನೇ ದಿನ ಶಾಲೆಗೆ ಹೋದಾಗ ಅವರು ಗೇಟಿನ ತನಕ ಬಂದು ಕೈ ಹಿಡಿದುಕೊಂಡರು. "ಏಳನೇ ಪಾಠ ತಲೇಲಿ ನಿಂತುಬಿಡ್ತು ಕಣ್ರೀ. ಎಂಟೂ ಮಕ್ಕಳಿಗೆ. ಮೂರು ದಿನ ಆಯ್ತು, ಅಳಿಸಿಹೋಗಿಲ್ಲ. ನಿಮಗೆ ಜ್ವರ ಬಂದಿದ್ದು ಒಳ್ಳೇದೇ ಆಯ್ತು ನೋಡಿ," ಎಂದು ನಕ್ಕರು.

ನಾನೂ ನಕ್ಕೆ. ತರಗತಿಗೆ ಹೋಗಿ ಪ್ರಭಂಜನನನ್ನು ಎಬ್ಬಿಸಿ, ಮನೆಯಲ್ಲಿ ಎಷ್ಟು ಜನ, ತಟ್ಟೆ ಎಷ್ಟು ಎಂದು ಕೇಳಿದೆ. ಹುಡುಗ, "ನಾಲ್ಕು ಜನ, ಐದು ತಟ್ಟೆ," ಎಂದವನು ಕೇಳದೆಯೇ ಮುಂದುವರಿಸಿದ: "ಐದನೇದು ತೀರಿಕೊಂಡ ತಾತನಿಗೆ ಸಾರ್. ಎಡೆ ಇಡೋ ಹಾಗೆ. ಕೊನೇ ಸಾಲಲ್ಲಿ ಅಜ್ಜಿ ಅದನ್ನೇ ಹೇಳೋದು."

ನಾನು ಪುಸ್ತಕದಲ್ಲಿ ಕೊನೆಯ ಸಾಲು ನೋಡಿದೆ. ಅಕ್ಷರ ಅಕ್ಷರವೂ ಪರಿಚಯ, ಬಾಯಿಪಾಠ. ಅದು ಏನು ಹೇಳುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ, ಹದಿಮೂರು ವರ್ಷದ ಹುಡುಗನ ಬಾಯಿಂದ.

"ಯಾರು ಹೇಳಿಕೊಟ್ಟರು?"

ಹಿಂದಿನ ಕಿಟಕಿಯ ಕಡೆ ಒಂದೆರಡು ಕಣ್ಣು ಹೊರಳಿ ವಾಪಸ್ಸು ಬಂದವು. ಶಾಲೆಯ ಹಿಂದೆ ಹಿನ್ನೀರಿನಿಂದ ಹಡಗುಕಟ್ಟೆಗೆ ಹೋಗುವ ಕಾಲುದಾರಿ ಇದೆ. ಗದರಿಸಿ ಕೇಳಿದ ಮೇಲೆ ಒಂದೊಂದಾಗಿ ಹೊರಗೆ ಬಂತು. ಹೆಸರು ಹೊಡೆದ ದಿನದಿಂದ ಹೊನ್ನಿ ದಿನಕ್ಕೆರಡು ಸಲ ತಲೆಯ ಮೇಲೆ ಹಗ್ಗದ ಹೊರೆ ಹೊತ್ತು ಅದೇ ದಾರಿಯಲ್ಲಿ ಹೋಗುತ್ತಿದ್ದಳು. ಕಿಟಕಿಯ ಕೆಳಗೆ ಹೊರೆ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಳು. ನನ್ನ ಗಂಟಲು ಚೆನ್ನಾಗಿತ್ತು ಎಂದೆನಲ್ಲ, ಪಾಠ ಹೊರಗೂ ಕೇಳಿಸುತ್ತಿತ್ತು. ಕೇಳಿದ ವಾಕ್ಯವನ್ನು ಅವಳು ಬಾಯಲ್ಲಿ ಇಟ್ಟುಕೊಂಡು ಹಡಗುಕಟ್ಟೆಗೆ ಹೋಗಿ, ಹಗ್ಗ ಕೊಳ್ಳುವ ಹಡಗಿನವರನ್ನು ಇದರ ಅರ್ಥ ಏನು ಎಂದು ಕೇಳುತ್ತಿದ್ದಳು. ಹೊರಗೆ ಕಲಿತದ್ದು, ಅಳಿಸಿಹೋಗಲಿಲ್ಲ. ನನಗೆ ಜ್ವರ ಬಂದಾಗ ಮಕ್ಕಳು ಕಿಟಕಿಗೆ ಬಂದು ಅವಳನ್ನು ಕೇಳಿದ್ದರು. ಅವಳು ಆಚೆ ನಿಂತು ಹೇಳಿಕೊಟ್ಟಿದ್ದಳು. ತನ್ನ ಹೆಸರಿಗೆ ಗೆರೆ ಎಳೆಸಿದವರ ಮಗನಿಗೂ ಹೇಳಿಕೊಟ್ಟಿದ್ದಳು.

ಆದರೂ ನನಗೆ ನಂಬಿಕೆ ಬರಲಿಲ್ಲ, ಅಥವಾ ನಂಬುವ ಮನಸ್ಸಿರಲಿಲ್ಲ. ಅವತ್ತೇ ಎಂಟನೇ ಪಾಠ ಮಾಡಿದೆ. ಎಂಟು ಸುದಾ. ಮರುದಿನ ಬೆಳಗ್ಗೆ ಎಂಟನೇ ಪಾಠ ಸಮ ಆಗಿತ್ತು, ಪುಸ್ತಕ ತೆರೆದರೆ ಅವರಿಗೆ ಒಂದೂ ತಿಳಿಯಲಿಲ್ಲ. ನಾನು ಕೈಪಿಡಿ ಮುಚ್ಚಿ, ನೋಡದೆ ಹೇಳಲು ಪ್ರಯತ್ನಪಟ್ಟೆ. ನನಗೂ ತಿಳಿಯಲಿಲ್ಲ. ಕೈಪಿಡಿ ಯಾವಾಗಲೂ ಕೈಯಲ್ಲೇ ಇದ್ದವನಿಗೆ ತಾನು ಏನೂ ಕಲಿತಿಲ್ಲ ಎನ್ನುವುದು ಗೊತ್ತಾಗುವುದಾದರೂ ಹೇಗೆ?

ಗೋಡೆಯೊಳಗೆ ಇರುವವರನ್ನು ಎಣಿಸುವಾಗ ನಮ್ಮೂರಿನವರೆಲ್ಲ ಹಾಜರಿ ಪುಸ್ತಕ ನೋಡಿ ಎಣಿಸಿದ್ದರು. ಹಾಜರಿ ಪುಸ್ತಕದಲ್ಲಿ ಮೇಷ್ಟ್ರ ಹೆಸರು ಇರುವುದಿಲ್ಲ. ಪ್ರತಿ ವರ್ಷವೂ ಆ ಕೋಣೆಯ ಕೊನೆಯ ಮಗು ನಾನೇ ಆಗಿದ್ದೆ. ಆರನೇ ಪಾಠ ನನ್ನ ಗೆರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳು ಅಷ್ಟಂದು ಸುಮ್ಮನಾದಳು, ನಾನು ಹನ್ನೊಂದು ಮಕ್ಕಳನ್ನು ಆ ನೆಲದಿಂದ ಆಚೆ ಹಾಕಿದ್ದೆ.

ಎರಡು ದಿನ ಒದ್ದಾಡಿ ಹೆಡ್‌ಮಾಷ್ಟ್ರಿಗೆ ಹೇಳಿದೆ. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಆಮೇಲೆ, "ನೀವೊಬ್ಬರೇ ಅಂದ್ಕೊಂಡಿದೀರಾ?" ಎಂದರು ಮೆಲ್ಲಗೆ. "ನನ್ನ ಲೆಕ್ಕದ ಪಾಠ ಐದನೇ ತರಗತೀಲಿ ಭಿನ್ನರಾಶಿಗೇ ನಿಂತಿದೆ. ಯಾಕೆ ಅಂತ ನಾನು ಯಾವತ್ತೂ ಕೇಳಿಕೊಂಡಿಲ್ಲ. ಕೇಳಿಕೊಳ್ಳೋದೂ ಇಲ್ಲ."

"ಮತ್ತೆ ಆ ಹನ್ನೊಂದು ಮಕ್ಕಳು?"

"ಕೆಂಪು ಮಸಿ ಮೇಲೆ ಮತ್ತೆ ಬರೆಯೋಕೆ ನನಗೆ ಅಧಿಕಾರ ಇಲ್ಲ. ನೀವು ಬಾಯಿ ಬಿಟ್ಟರೆ ಆ ಹನ್ನೊಂದರ ಜೊತೆ ಈ ಎಂಟೂ ಹೋಗುತ್ತೆ, ಶಾಲೇನೂ ಹೋಗುತ್ತೆ. ನಾಳೆಯಿಂದ ನೀವು ವರಾಂಡದಲ್ಲಿ ನಿಂತ್ಕೊಳ್ಳಿ. ಒಳಗೆ ಮಕ್ಕಳು ಓದಿಕೊಳ್ಳಲಿ."

ವರಾಂಡದಲ್ಲಿ ನಿಂತೆ. ಒಂದು ತಿಂಗಳು ನಿಂತೆ. ಮುಂದಿನ ಕಡೆ ನಾನು, ಹಿಂದಿನ ಕಿಟಕಿಯಲ್ಲಿ ಹೊನ್ನಿ. ನಡುವೆ ಎಂಟು ಮಕ್ಕಳು ಎಂಟನೇ ಪಾಠ, ಒಂಬತ್ತನೇ ಪಾಠ, ಹತ್ತನೇ ಪಾಠ ಕಲಿತರು. ಅವಳು ಹೊರೆ ಇಳಿಸುವ ಸದ್ದು ಕೇಳಿದರೆ ನಾನು ತಿರುಗಿ ಆಚೆ ನೋಡುತ್ತಿದ್ದೆ. ಒಂದು ದಿನವಾದರೂ ಸುತ್ತು ಬಳಸಿ ಆ ಕಿಟಕಿಯ ಹತ್ತಿರ ಹೋಗಿ, ನನಗೂ ಹೇಳಿಕೊಡಮ್ಮ ಅನ್ನಬಹುದಿತ್ತು. ಹೊರಗೆ ಕಲಿತದ್ದು ನನಗೂ ಉಳಿಯುತ್ತಿತ್ತು. ನನಗೆ ನಾಚಿಕೆಯಾಯಿತು. ಇದನ್ನು ಹೇಳುವಾಗ ಈಗಲೂ ಆಗುತ್ತಿದೆ.

ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಎಂಟು ಮಕ್ಕಳು ಹತ್ತು ಪಾಠಗಳನ್ನೂ ಅರಳು ಹುರಿದ ಹಾಗೆ ಹೇಳಿದರು. ಸಾಹೇಬರು ಆ ಭಾಷೆಯಲ್ಲಿ ಬೇರೆ ಏನನ್ನೋ ಕೇಳಿದರು, ಪ್ರಭಂಜನ ಅದಕ್ಕೂ ಉತ್ತರ ಕೊಟ್ಟ, ಸಾಹೇಬರು ನಕ್ಕರು. ಏನು ಕೇಳಿದರು, ಏನು ಹೇಳಿದ, ನನಗೆ ತಿಳಿಯಲಿಲ್ಲ. ನಾನು ಬಾಗಿಲ ಹೊಸ್ತಿಲಿನ ಆಚೆ ನಿಂತು ಅವರು ನಕ್ಕಾಗ ನಕ್ಕೆ.

"ಇಷ್ಟು ವರ್ಷ ಆರು ಪಾಠ ದಾಟದ ಶಾಲೆ ಇದು. ಗುಟ್ಟೇನು?" ಎಂದು ಸಾಹೇಬರು ಕೇಳಿದರು.

"ಅಡ್ಡಿಯಾಗಿದ್ದ ಹೆಸರುಗಳನ್ನ ಹೊಡೆದದ್ದು ಸಾರ್. ಹನ್ನೊಂದು," ಎಂದರು ಅನಂತಪ್ಪನವರು.

ಸಾಹೇಬರು ನನ್ನ ಕಡೆ ತಿರುಗಿದರು. "ತರಗತಿ ನಿಮ್ಮದಲ್ಲವೇ? ನೀವೇನಂತೀರಿ ಮೇಷ್ಟ್ರೆ?"

ಹಿಂದಿನ ಕಿಟಕಿಯಲ್ಲಿ ಹಗ್ಗದ ಹೊರೆಯ ತುದಿ ಕಾಣುತ್ತಿತ್ತು. ಅವಳು ಅಲ್ಲೇ ಇದ್ದಳು. ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದಳೋ ಅಥವಾ ಸುಮ್ಮನೆ ಸುಧಾರಿಸಿಕೊಳ್ಳುತ್ತಿದ್ದಳೋ ನನಗೆ ಗೊತ್ತಿಲ್ಲ. ಉಪ್ಪಿನ ದ್ವೀಪ ನೆನಪಾಯಿತು. ಹೆಂಡತಿಯ ಉಬ್ಬಸ ನೆನಪಾಯಿತು. "ಹೌದು ಸಾರ್. ಹೆಸರು ಹೊಡೆದ ಮೇಲೆಯೇ ಸರಿಹೋಯಿತು," ಅಂದೆ. ಹೊರೆಯ ತುದಿ ಮೇಲೆದ್ದು ಕಿಟಕಿಯಿಂದ ಮರೆಯಾಯಿತು.

ನಮಗೆ ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ಬಂತು. ಅದರ ಹಿಂದೆಯೇ ಕರಾವಳಿಯ ಎಲ್ಲ ಶಾಲೆಗಳಿಗೂ ಹೊಸ ಸುತ್ತೋಲೆ ಹೋಯಿತು. ನಮ್ಮ ಶಾಲೆಯ ಮಾದರಿಯನ್ನು ಅನುಸರಿಸಿ ಪ್ರತಿ ತರಗತಿಯಲ್ಲೂ ಅರ್ಧದಷ್ಟು ಹೆಸರುಗಳನ್ನು ಹೊಡೆಯುವುದು. ಎಷ್ಟು ಶಾಲೆ, ಎಷ್ಟು ಮಕ್ಕಳು ಎಂದು ನಾನು ಲೆಕ್ಕ ಹಾಕಲಿಲ್ಲ. ಹಾಕುವ ಧೈರ್ಯ ಇರಲಿಲ್ಲ.

ಆ ಮಳೆಗಾಲದಲ್ಲಿ ಒಂದು ದಿನ ಹಿನ್ನೀರಿನ ಕಡೆ ಹೋದೆ. ಹೊನ್ನಿ ಕಲ್ಲಿನ ಮೇಲೆ ಕೊಳೆತ ಸಿಪ್ಪೆ ಇಟ್ಟು ಕೊಡತಿಯಿಂದ ಬಡಿಯುತ್ತಿದ್ದಳು. ಉಪ್ಪುನೀರಿಗೆ ಬೆರಳುಗಳು ಬಿರಿದಿದ್ದವು. ನನ್ನನ್ನು ಕಂಡು ಕೊಡತಿ ಕೆಳಗಿಟ್ಟು ಎದ್ದು ನಿಂತಳು.

"ಏನಮ್ಮ ಹೊನ್ನಿ, ಚೆನ್ನಾಗಿದೀಯಾ?"

"ಇದೀನಿ ಮೇಷ್ಟ್ರೆ. ನಿಮ್ಮ ಜ್ವರ ವಾಸಿ ಆಯ್ತಾ?"

ಜ್ವರ ಬಿಟ್ಟು ನಾಲ್ಕು ತಿಂಗಳಾಗಿತ್ತು. ಆಯಿತು ಅಂದೆ. ಕೇಳಬೇಕಾದದ್ದು ಬೇರೆ ಇತ್ತು, ಬಾಯಿಗೆ ಬಂದದ್ದು ಬೇರೆ. "ಆ ಐದನೇ ತಟ್ಟೆ ಯಾರಿಗೆ ಅಂತ ನೀನು ಯಾಕೆ ದಿನಾ ಕೇಳ್ತಿದ್ದೆ?"

"ನಮ್ಮನೇಲೂ ಇಡ್ತೀವಲ್ಲ, ಅಪ್ಪಂಗೆ. ಅಮ್ಮಂದು, ನಂದು, ತಮ್ಮಂದು, ಆಮೇಲೆ ಅಪ್ಪಂದು. ಆ ದೇಶದಾಗೂ ಹಂಗೇ ಇಡೋರು ಇದಾರಾ ಅಂತ ತಿಳ್ಕೋಬೇಕಿತ್ತು. ಅಷ್ಟೆಯ."

"ಹಡಗಿನವರು ಏನಂದರು?"

"ಒಬ್ಬ ಮುದುಕ ಇದ್ದ. ನಮ್ಮಜ್ಜೀನೂ ಇಡ್ತಿದ್ಲು ಅಂದು ಕಣ್ಣೀರು ಹಾಕಿದ." ಅವಳು ಕೊಡತಿಯ ಹಿಡಿಕೆಗೆ ಅಂಟಿದ್ದ ನಾರನ್ನು ಬಿಡಿಸುತ್ತಿದ್ದಳು.

ಹೆಡ್‌ಮಾಷ್ಟ್ರ ಹತ್ತಿರ ಮಾತಾಡುತ್ತೇನೆ, ಏನಾದರೂ ದಾರಿ ನೋಡುತ್ತೇನೆ ಎಂದೆ. ದಾರಿ ಇಲ್ಲವೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ನನ್ನ ಮುಖವನ್ನೇ ನೋಡಿದಳು. ಮಕ್ಕಳು ಮೇಷ್ಟ್ರನ್ನು ಹಾಗೆ ನೋಡುವುದಿಲ್ಲ, ಮೇಷ್ಟ್ರು ಮಕ್ಕಳನ್ನು ನೋಡುತ್ತಾರೆ. ಆಮೇಲೆ, ಕುಹಕವಿಲ್ಲದೆ, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದಳು.

"ಸುದಾ ಮೆಂಗೆರ್ತಿ, ಪಾಕ್?"

ಗೋಡೆ ಇರಲಿಲ್ಲ, ಮಾಡು ಇರಲಿಲ್ಲ. ಹೆಡ್‌ಮಾಷ್ಟ್ರು ಇರಲಿಲ್ಲ, ಸಾಹೇಬರು ಇರಲಿಲ್ಲ. ನಾನು ಇನ್ನೊಂದು ಮಾತು ಹೇಳಿದ್ದರೆ ಅವಳು ಅಲ್ಲೇ, ಆ ಕಲ್ಲಿನ ಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿಕೊಡುತ್ತಿದ್ದಳೇನೋ.

"ಸುದಾ," ಅಂದೆ.

ಅವಳು ತಲೆಯಾಡಿಸಿ ಕೂತು ಕೊಡತಿ ಎತ್ತಿಕೊಂಡಳು.

ಇದಾಗಿ ಹದಿನಾಲ್ಕು ವರ್ಷವಾಯಿತು. ನಾನು ಪೂರ್ತಿ ಸಂಬಳ ಪಡೆದು, ಹೂವಿನ ಹಾರ ಹಾಕಿಸಿಕೊಂಡು ನಿವೃತ್ತನಾದೆ. ಪ್ರಭಂಜನ ಈಗ ಹಡಗುಕಟ್ಟೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಹೊನ್ನಿ ಅದೇ ಕಲ್ಲಿನ ಮೇಲೆ ಸಿಪ್ಪೆ ಬಡಿಯುತ್ತಾಳೆ. ಈಗ ಹೆಸರು ಹೊಡೆಯಲು ಬೇಸಿಗೆಯವರೆಗೂ ಕಾಯುವುದಿಲ್ಲ, ಸೇರಿಸಿಕೊಂಡ ವಾರದಲ್ಲೇ ಹೊಡೆಯುತ್ತಾರೆ. ಈ ಜೂನಿನಲ್ಲಿ ಅವಳ ಮಗಳನ್ನು ಒಂದನೇ ತರಗತಿಗೆ ಸೇರಿಸಿದ್ದಳಂತೆ. ಸೋಮವಾರ ಹೆಸರು ಬರೆದರು, ಗುರುವಾರ ಹೊಡೆದರು. ಮೇಷ್ಟ್ರು ಏನೋ ಹೇಳಿ ಅರ್ಥವಾಯಿತೇ ಎಂದು ಕೇಳಿದಾಗ, ಆರು ವರ್ಷದ ಆ ಹುಡುಗಿ ಇನ್ನೂ ಇಲ್ಲ ಅಂದಳಂತೆ. ಈ ಸುದ್ದಿಯನ್ನು ನನಗೆ ತಂದವಳು ನನ್ನ ಹೆಂಡತಿ, ನೀರಿನ ಕಡೆ ಕೇಳಿಕೊಂಡು ಬಂದು.

ಅವತ್ತಿನಿಂದ ನಾನು ಒಳಗೆ ಕೂರುತ್ತಿಲ್ಲ. ದಿಬ್ಬದ ಮೇಲೆ ಆ ಹಳೆಯ ಹೊಂಗೆ ಮರ ಇನ್ನೂ ಇದೆ. ಅದರ ಕೆಳಗೆ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಇದನ್ನು ಹೇಳುತ್ತೇನೆ. ಕೆಲವರು ನಿಲ್ಲುತ್ತಾರೆ, ಕೆಲವರು ಮುದುಕನಿಗೆ ಅರಳು ಮರಳು ಎಂದು ಹೋಗುತ್ತಾರೆ. ಇಲ್ಲಿ ಕೇಳಿದ್ದು ಅಳಿಸಿಹೋಗುವುದಿಲ್ಲ. ಯಾರಾದರೂ ಹಿನ್ನೀರಿನ ಕಡೆ ಹೋಗುವವರಿದ್ದರೆ ಹೊನ್ನಿಗೆ ತಿಳಿಸಿ, ಮೇಷ್ಟ್ರು ಅವತ್ತು ಸುಳ್ಳು ಹೇಳಿದರು, ಅವರ ಉತ್ತರ ಬೆಲುಮ್ ಎಂದು.